ಕುರ್ಚಿಗೆ ಬಂದ ಕಪ್ಪು ಮಹಿಳೆ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವುಂಟು. ಆದರೆ ಅದು ಪಗಾರ, ರಜೆ, ಬೋನಸ್ಸು ಇವುಗಳ ಭಾಷಣ. ಇಂದು ನಾನು ಎತ್ತಿಕೊಂಡಿರುವ ವಿಷಯ ಬೇರೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬಸ್ಸು ಹತ್ತಿ ಬಂದವನು ಅಮೆರಿಕದ ಟೆಲಿವಿಜನ್ನಿನ ವಿಚಾರ ಮಾತಾಡುವುದು ಅಧಿಕಪ್ರಸಂಗವೆಂದು ತಮಗೆ ತೋರಬಹುದು. ಆದರೆ ಈ ವಿಷಯ ನನ್ನ ತಲೆಯಲ್ಲಿ ಹುಟ್ಟಿದ್ದು ನಮ್ಮದೇ ಒಂದು ಹೋಟೆಲಿನಲ್ಲಿ.

ಕಳೆದ ತಿಂಗಳು ವರ್ಗಣಿ ಎತ್ತುವುದಕ್ಕೆ ಹೋಗಿದ್ದೆ. ಮಧ್ಯಾಹ್ನ ಮೂರರ ಹೊತ್ತು, ಗಿರಾಕಿಗಳು ಕಡಿಮೆ. ಗಲ್ಲೆಯ ಮೇಲುಗಡೆ ಟಿ.ವಿ. ತನ್ನಷ್ಟಕ್ಕೆ ಓಡುತ್ತಿತ್ತು. ಮೇಜು ಒರೆಸುತ್ತಿದ್ದ ಹುಡುಗನೊಬ್ಬ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಕೇಳಿದ: “ಅಣ್ಣಾ, ಇದರಲ್ಲಿ ಹೋಟೆಲಿನ ಮಾಣಿ ಬಂದರೆ ಯಾವಾಗಲೂ ನಗಿಸುವುದಕ್ಕೇ ಬರುತ್ತಾನೆ. ಅವನಿಗೆ ಮನೆ ಇಲ್ಲವೇ? ತಾಯಿ ಇಲ್ಲವೇ? ಇದನ್ನೆಲ್ಲ ನಿಶ್ಚಯ ಮಾಡುವವರು ಯಾರು?”

“ಕಥೆ ಬರೆದವರು” ಎಂದು ಹೇಳಿ ಎದ್ದು ಬಂದೆ. ಆಮೇಲೆ ವಿಚಾರಿಸಿ ನೋಡಿದರೆ ನನ್ನ ಉತ್ತರ ತಪ್ಪು. ಬರೆಯುವವನಿಗೂ ನೋಡುವವನಿಗೂ ನಡುವೆ ಒಂದು ಕುರ್ಚಿ ಇದೆ. ಆ ಕುರ್ಚಿಯಲ್ಲಿ ಕುಳಿತವರು ಹೂಂ ಎಂದರೆ ಕಥೆ ಕೋಟ್ಯಂತರ ಮನೆಗಳಿಗೆ ಹೋಗುತ್ತದೆ. ಊಹೂಂ ಎಂದರೆ ಕಾಗದದಲ್ಲೇ ಸಾಯುತ್ತದೆ. ಆ ಕುರ್ಚಿಯಲ್ಲಿ ಕುಳಿತ ಒಬ್ಬ ಕಪ್ಪು ಮಹಿಳೆಯ ವಿಚಾರವನ್ನು ಇಂದು ಹೇಳುತ್ತೇನೆ. ಅವರ ಹೆಸರು ಚಾನಿಂಗ್ ಡಂಜಿ.

ಮೊದಲು ಆ ಕುರ್ಚಿಯ ಕೆಲಸವೇನೆಂಬುದನ್ನು ತಿಳಿಯೋಣ. ಅಮೆರಿಕದಲ್ಲಿ ಇದಕ್ಕೆ ‘ಡೆವಲಪ್‌ಮೆಂಟ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಗ್ಗರಣೆಗೆ ಮೊದಲಿನ ಕೆಲಸ. ಗಿರಾಕಿಗೆ ಕಾಣುವುದು ಬೋರ್ಡಿನ ಮೇಲೆ ಬರೆದ ತಿಂಡಿಯ ಹೆಸರು. ಆ ತಿಂಡಿ ಬೋರ್ಡಿಗೆ ಬರುವ ಮುಂಚೆ ಭಟ್ಟನೊಬ್ಬ ಹೇಳಬೇಕು, ಸಣ್ಣ ಪಾತ್ರೆಯಲ್ಲಿ ಮಾಡಿ ತೋರಿಸಬೇಕು, ಯಜಮಾನ ರುಚಿ ನೋಡಬೇಕು, ಉಪ್ಪು ಹೆಚ್ಚೋ ಖಾರ ಕಡಿಮೆಯೋ ಎಂದು ತಿದ್ದಬೇಕು, ಲೆಕ್ಕ ಹಾಕಬೇಕು. ಟಿ.ವಿ.ಯಲ್ಲಿಯೂ ಹಾಗೆಯೇ. ಬರೆಯುವವರು ಬಂದು ಕಥೆಯನ್ನು ಬಾಯಲ್ಲಿ ಹೇಳುತ್ತಾರೆ. ಹಾಗೆ ಬಂದ ನೂರಾರು ಕಥೆಗಳಲ್ಲಿ ಕೆಲವನ್ನು ಮಾತ್ರ ಬರೆದು ತರಲು ಹೇಳುತ್ತಾರೆ. ಬರೆದು ತಂದುದರಲ್ಲಿ ಕೆಲವಕ್ಕೆ ಮಾತ್ರ ಒಂದು ಮಾದರಿ ಕಂತನ್ನು ತೆಗೆಯಲು ಹಣ ಕೊಡುತ್ತಾರೆ. ಅದಕ್ಕೆ ‘ಪೈಲಟ್’ ಎಂದು ಹೆಸರು. ಮಾದರಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಧಾರಾವಾಹಿಯಾಗಿ ಜನರ ಮುಂದೆ ಬರುತ್ತವೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒಬ್ಬರು ಕುಳಿತು ಓದಿ, ತಿದ್ದಿ, ಇದು ಇರಲಿ ಅದು ಬೇಡ ಎಂದು ಆರಿಸುತ್ತಾರೆ. ಜನರಿಗೆ ಅವರ ಮುಖ ಕಾಣುವುದಿಲ್ಲ. ಆದರೆ ಯಾರ ಬಾಳು ಕಥೆಯಾಗಬೇಕು, ಯಾರ ಬಾಳು ನಗೆಯಾಗಬೇಕು ಎಂಬುದು ಅವರ ಕೈಯಲ್ಲಿದೆ.

ಈಗ ಕಪ್ಪು ಜನರ ಮಾತಿಗೆ ಬರುತ್ತೇನೆ. ಆಫ್ರಿಕದಿಂದ ಇವರ ಪೂರ್ವಿಕರನ್ನು ಹಡಗಿನಲ್ಲಿ ಸರಪಳಿ ಹಾಕಿ ತಂದು ಮಾರಿದರು. 1865ರಲ್ಲಿ ಗುಲಾಮಗಿರಿ ಕಾಯಿದೆಯಿಂದ ಹೋಯಿತು, ಮನಸ್ಸಿನಿಂದ ಹೋಗಲಿಲ್ಲ. ಅಮೆರಿಕದ ಹಳೆಯ ಮೂರು ದೊಡ್ಡ ಟಿ.ವಿ. ಜಾಲಗಳಲ್ಲಿ ಎ.ಬಿ.ಸಿ. ಒಂದು. 1950ರಲ್ಲಿ ಅದರಲ್ಲಿ ‘ಬ್ಯೂಲಾ’ ಎಂಬ ಕಾರ್ಯಕ್ರಮ ಶುರುವಾಯಿತು. ಕಪ್ಪು ಹೆಂಗಸೊಬ್ಬಳು ಮುಖ್ಯ ಪಾತ್ರದಲ್ಲಿದ್ದ ಮೊದಲ ಹಾಸ್ಯ ಧಾರಾವಾಹಿ ಅದು. ಮೊದಲಿಗೆ ಈಥೆಲ್ ವಾಟರ್ಸ್ ಎಂಬ ಹೆಸರುವಾಸಿ ಗಾಯಕಿ ಆ ಪಾತ್ರ ಮಾಡಿದರು. ಪಾತ್ರ ಯಾವುದು ಗೊತ್ತೇ? ಬಿಳಿಯರ ಮನೆಯ ಅಡಿಗೆಯಾಳು. ಮುಸುರೆ ತಿಕ್ಕುವುದು, ಮಕ್ಕಳನ್ನು ನೋಡಿಕೊಳ್ಳುವುದು, ಯಜಮಾನರ ಸಂಸಾರದ ಗೊಂದಲ ಬಿಡಿಸುವುದು, ನಗಿಸುವುದು. ಇನ್ನೊಂದು ಸಂಗತಿ ಕೇಳಿ: ಇದೇ ಬ್ಯೂಲಾ ಅದಕ್ಕೂ ಮೊದಲು ರೇಡಿಯೋದಲ್ಲಿ ಬರುತ್ತಿದ್ದಳು. ಮೊದಮೊದಲು ಅವಳ ದನಿಯನ್ನು ತೆಗೆಯುತ್ತಿದ್ದವನು ಮಾರ್ಲಿನ್ ಹರ್ಟ್ ಎಂಬ ಬಿಳಿಯ ಗಂಡಸು! ಕಪ್ಪು ಹೆಂಗಸಿಗೆ ತನ್ನ ಸ್ವಂತ ಗಂಟಲೂ ಇರಲಿಲ್ಲ.

ನಮ್ಮ ಹುಡುಗ ಕೇಳಿದ ಪ್ರಶ್ನೆ ಇದೇ ಅಲ್ಲವೇ? ಬಡಿಸುವವನಿಗೆ ಮನೆ ಇಲ್ಲವೇ ಎಂದು.

ಅದೇ ಎ.ಬಿ.ಸಿ.ಯಲ್ಲಿ, ಅಡಿಗೆಯಾಳು ಬ್ಯೂಲಾ ಬಂದ 66 ವರ್ಷಗಳ ಮೇಲೆ, 2016ರ ಫೆಬ್ರವರಿಯಲ್ಲಿ, ಮನರಂಜನಾ ವಿಭಾಗದ ಅಧ್ಯಕ್ಷೆಯಾಗಿ ಚಾನಿಂಗ್ ಡಂಜಿ ನೇಮಕವಾದರು. ಅಮೆರಿಕದ ದೊಡ್ಡ ಟಿ.ವಿ. ಜಾಲವೊಂದರಲ್ಲಿ ಆ ಕುರ್ಚಿಗೆ ಅದುವರೆಗೆ ಕಪ್ಪು ಜನಾಂಗದ ಗಂಡಸಾಗಲಿ ಹೆಂಗಸಾಗಲಿ ಯಾರೂ ಬಂದಿರಲಿಲ್ಲ. ಇವರೇ ಮೊದಲಿಗರು.

ಅವರು ಬಂದ ದಾರಿಯನ್ನು ಸ್ವಲ್ಪ ನೋಡೋಣ. ಹುಟ್ಟಿದ್ದು 1969ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋ ಪಟ್ಟಣದಲ್ಲಿ. ತಂಗಿ ಮೆರಿನ್ ಡಂಜಿ ನಟಿಯಾದರು. ಅಕ್ಕ ತೆರೆಯ ಹಿಂದಿನ ಕೆಲಸ ಹಿಡಿದರು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ನಾಟಕ, ಚಲನಚಿತ್ರ, ಟೆಲಿವಿಜನ್ ಇವುಗಳನ್ನು ಓದಿದರು. ಹಾಗಾಗಿ ಇವರು ನಮ್ಮ ನಿಮ್ಮಂತೆ ಅರ್ಧಕ್ಕೆ ಶಾಲೆ ಬಿಟ್ಟವರಲ್ಲ. ಈ ಮಾತನ್ನು ಮುಚ್ಚಿಟ್ಟು ಚಂದದ ಕಥೆ ಕಟ್ಟುವುದು ನನಗೆ ಬೇಡ. ಆದರೆ ಪದವಿ ಕೈಯಲ್ಲಿದ್ದರೂ ಕೆಲಸ ಸಿಕ್ಕಿದ್ದು ಕೆಳಗಿನ ಮೆಟ್ಟಿಲಿನಲ್ಲೇ. 1990ರ ದಶಕದ ಆರಂಭದಲ್ಲಿ ಒಂದು ಚಿತ್ರ ತಯಾರಿಕೆಯ ಕಂಪೆನಿಯಲ್ಲಿ ಡೆವಲಪ್‌ಮೆಂಟ್ ಸಹಾಯಕಿ. ಆ ಕೆಲಸವೆಂದರೆ ರಾಶಿ ರಾಶಿ ಹಸ್ತಪ್ರತಿಗಳನ್ನು ಓದಿ ಇದರಲ್ಲಿ ಜೀವವಿದೆಯೇ ಇಲ್ಲವೇ ಎಂದು ಮೇಲಿನವರಿಗೆ ಬರೆದು ಕೊಡುವುದು. ಆಮೇಲೆ ಇನ್ನೊಂದು ಕಡೆ ಕಥಾ ಸಂಪಾದಕಿ. ಆಮೇಲೆ ವಾರ್ನರ್ ಬ್ರದರ್ಸ್ ಎಂಬ ದೊಡ್ಡ ಸ್ಟುಡಿಯೋದಲ್ಲಿ ನಿರ್ಮಾಣದ ಅಧಿಕಾರಿ. ಲೋಕವೆಲ್ಲ ನೋಡಿದ ‘ದಿ ಮ್ಯಾಟ್ರಿಕ್ಸ್’ ಚಿತ್ರ ಆ ದಿನಗಳಲ್ಲಿ ಅವರ ಕೈಯಲ್ಲಿ ಹಾದು ಹೋದ ಚಿತ್ರಗಳಲ್ಲೊಂದು. ಕೆಲವು ವರ್ಷ ಸಣ್ಣ ಚಿತ್ರಸಂಸ್ಥೆಯಲ್ಲಿದ್ದು, 2004ರಲ್ಲಿ ಎ.ಬಿ.ಸಿ.ಯ ಸ್ಟುಡಿಯೋಕ್ಕೆ ಬಂದರು. 2009ರಲ್ಲಿ ಜಾಲದ ಗಂಭೀರ ನಾಟಕಗಳ ವಿಭಾಗಕ್ಕೇ ಮುಖ್ಯಸ್ಥೆಯಾದರು. ಹಸ್ತಪ್ರತಿ ಓದುವ ಸಹಾಯಕಿಯಿಂದ ಅಧ್ಯಕ್ಷೆಯವರೆಗೆ ಸುಮಾರು 25 ವರ್ಷ. ಲಾಟರಿ ಹೊಡೆದು ಬಂದ ಕುರ್ಚಿಯಲ್ಲ ಇದು.

ನಾಟಕಗಳ ವಿಭಾಗದಲ್ಲಿದ್ದಾಗ ಅವರು ಮಾಡಿದ ಕೆಲಸವೇ ನನ್ನ ಮಟ್ಟಿಗೆ ದೊಡ್ಡದು. 2012ರಲ್ಲಿ ‘ಸ್ಕ್ಯಾಂಡಲ್’ ಎಂಬ ಧಾರಾವಾಹಿ ಬಂತು. ಬರೆದವರು ಶೋಂಡಾ ರೈಮ್ಸ್ ಎಂಬ ಕಪ್ಪು ಲೇಖಕಿ. ನಾಯಕಿಯ ಪಾತ್ರ ಕೆರಿ ವಾಷಿಂಗ್ಟನ್ ಎಂಬ ಕಪ್ಪು ನಟಿಯದು. ದೊಡ್ಡ ದೊಡ್ಡ ರಾಜಕಾರಣಿಗಳು ಕೆಸರಿನಲ್ಲಿ ಬಿದ್ದಾಗ ಎತ್ತುವ ಜಾಣೆ, ಅಡಿಗೆಯಾಳಲ್ಲ. ಅಂಥ ಗಂಭೀರ ನಾಟಕದಲ್ಲಿ ಕಪ್ಪು ಹೆಂಗಸು ನಾಯಕಿಯಾದದ್ದು, 1974ರಲ್ಲಿ ಇದೇ ಎ.ಬಿ.ಸಿ.ಯಲ್ಲಿ ಬಂದ ಒಂದು ಪೊಲೀಸ್ ಧಾರಾವಾಹಿಯ ನಂತರ, ಇದೇ ಮೊದಲು. ಸುಮಾರು 38 ವರ್ಷ! ಅಷ್ಟು ಕಾಲ ಬರೆಯುವವರು ಇರಲಿಲ್ಲವೇ? ನಟಿಸುವವರು ಇರಲಿಲ್ಲವೇ? ಇದ್ದರು. ಹೂಂ ಎನ್ನುವವರು ಇರಲಿಲ್ಲ. 2014ರಲ್ಲಿ ಬಂದ ಇನ್ನೊಂದು ನಾಟಕದಲ್ಲಿ ವಯೋಲಾ ಡೇವಿಸ್ ವಕೀಲೆಯ ಪಾತ್ರ ಮಾಡಿದರು. 2015ರಲ್ಲಿ ಅವರಿಗೆ ಟಿ.ವಿ.ಯ ದೊಡ್ಡ ಬಹುಮಾನವಾದ ಎಮ್ಮಿ ಸಿಕ್ಕಿತು. ಗಂಭೀರ ನಾಟಕದ ನಾಯಕಿಗೆ ಕೊಡುವ ಆ ಬಹುಮಾನವನ್ನು ಅದುವರೆಗೆ ಯಾವ ಕಪ್ಪು ಹೆಂಗಸೂ ಪಡೆದಿರಲಿಲ್ಲ. ಈ ಕೀರ್ತಿಯೆಲ್ಲ ಡಂಜಿಯವರೊಬ್ಬರದೇ ಎಂದು ನಾನು ಹೇಳುವುದಿಲ್ಲ. ಬರೆದವರದು, ನಟಿಸಿದವರದು, ಮೇಲಿನ ಅಧಿಕಾರಿಗಳದು ಎಲ್ಲ ಕೂಡಿದೆ. ಆದರೆ ಬಾಗಿಲ ಬಳಿ ಕುಳಿತು ಬಾಗಿಲು ತೆರೆದವರಲ್ಲಿ ಇವರೊಬ್ಬರು.

ಇನ್ನು 2018ರ ಪ್ರಸಂಗ. ಇದನ್ನು ನಾವು ಕೂಲಿಕಾರರು ಎಚ್ಚರದಿಂದ ಕೇಳಬೇಕು.

‘ರೋಸೀನ್’ ಎಂಬ ಧಾರಾವಾಹಿಯೊಂದು 1988ರಿಂದ 1997ರ ತನಕ ಅಲ್ಲಿ ಬರುತ್ತಿತ್ತು. ರೋಸೀನ್ ಬಾರ್ ಎಂಬ ಬಿಳಿಯ ನಟಿ ಅದರ ನಾಯಕಿ. ಕಥೆ ನಮ್ಮಂಥ ಕೂಲಿಕಾರರ ಮನೆಯದು. ಆಕೆ ಪ್ಲಾಸ್ಟಿಕ್ ಕಾರಖಾನೆಯಲ್ಲಿ ದುಡಿಯುತ್ತಾಳೆ. ಮೇಲ್ವಿಚಾರಕನ ಕಿರುಕುಳ ಮಿತಿಮೀರಿದಾಗ ಜೊತೆಯ ಹೆಂಗಸರೊಡನೆ ಕೆಲಸ ಬಿಟ್ಟು ಹೊರಗೆ ನಡೆಯುತ್ತಾಳೆ. ಮುಂದೆ ಸಣ್ಣ ಊಟದಂಗಡಿಯನ್ನೂ ನಡೆಸುತ್ತಾಳೆ. ಸಾಲ, ಬಾಡಿಗೆ, ಮಕ್ಕಳ ಫೀ, ಇವೇ ಅದರ ಹಾಸ್ಯ. ಇಂಥ ಕಥೆಯನ್ನು ಯಾವ ಕೂಲಿಕಾರ ಮೆಚ್ಚುವುದಿಲ್ಲ? ಡಂಜಿಯವರು ಅಧ್ಯಕ್ಷೆಯಾಗಿದ್ದಾಗ ಎ.ಬಿ.ಸಿ. ಅದನ್ನು ಮತ್ತೆ ಎಬ್ಬಿಸಿತು. 2018ರ ಮಾರ್ಚ್ 27ರಂದು ಹೊಸ ಕಂತನ್ನು 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಜಾಲಕ್ಕೆ ಚಿನ್ನದ ಮೊಟ್ಟೆ ಸಿಕ್ಕಿದಂತಾಯಿತು.

ಎರಡು ತಿಂಗಳಾಯಿತು. ಮೇ 29ರಂದು ರೋಸೀನ್ ಬಾರ್ ಟ್ವಿಟರಿನಲ್ಲಿ ಒಂದು ಸಾಲು ಬರೆದರು. ಅಧ್ಯಕ್ಷ ಒಬಾಮಾ ಅವರ ಸಲಹೆಗಾರ್ತಿಯಾಗಿದ್ದ ವ್ಯಾಲೆರಿ ಜ್ಯಾರೆಟ್ ಎಂಬ ಕಪ್ಪು ಮಹಿಳೆಯನ್ನು ಕೋತಿಜಾತಿಗೆ ಹೋಲಿಸುವ ಮಾತು. ಅದೇ ದಿನ ಆ ಧಾರಾವಾಹಿಯ ಸಲಹೆಗಾರ್ತಿ, ಕಪ್ಪು ಹಾಸ್ಯಗಾರ್ತಿ ವಾಂಡಾ ಸೈಕ್ಸ್, ತಾನು ಇನ್ನು ಅಲ್ಲಿಗೆ ಹೋಗುವುದಿಲ್ಲವೆಂದರು. ಅದೇ ದಿನ ಡಂಜಿಯವರ ಹೆಸರಿನಲ್ಲಿ ಒಂದು ಚಿಕ್ಕ ಪ್ರಕಟಣೆ ಹೊರಬಿತ್ತು. ಆ ಮಾತು ಹೇಯವಾದುದು, ನಮ್ಮ ಮೌಲ್ಯಗಳಿಗೆ ವಿರುದ್ಧವಾದುದು, ಕಾರ್ಯಕ್ರಮವನ್ನು ನಿಲ್ಲಿಸಿದ್ದೇವೆ ಎಂದು. ಬಾರ್ ಕ್ಷಮೆ ಬೇಡಿದರು, ತೀರ್ಮಾನ ಬದಲಾಗಲಿಲ್ಲ. ಜಾಲದ ಒಡೆಯರಾದ ಡಿಸ್ನಿ ಕಂಪೆನಿಯ ಮುಖ್ಯಸ್ಥರ ಬೆಂಬಲವೂ ಅದಕ್ಕಿತ್ತು. ಆದರೂ, ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವನ್ನು ಒಂದೇ ದಿನದಲ್ಲಿ ನಿಲ್ಲಿಸುವುದು ಸಣ್ಣ ಮಾತಲ್ಲ. ಅವಮಾನ ಯಾರಿಗೆ ತಟ್ಟುತ್ತದೆಯೋ ಅವರು ಕುರ್ಚಿಯಲ್ಲಿದ್ದರೆ “ಹೋಗಲಿ ಬಿಡಿ, ತಮಾಷೆಗೆ ಅಂದದ್ದು” ಎಂಬ ಮಾತು ಅಷ್ಟು ಸುಲಭವಾಗಿ ಹೊರಡುವುದಿಲ್ಲ.

ಬಂಧುಗಳೇ, ಆ ನಟಿ ತೆರೆಯ ಮೇಲೆ ಕೂಲಿಕಾರರ ನಾಯಕಿ. ತೆರೆಯ ಹೊರಗೆ ಇನ್ನೊಬ್ಬರ ಹುಟ್ಟನ್ನು ಹಳಿಯುವ ಬಾಯಿ. ನಾವು ಅವರನ್ನು ನೋಡಿ ಬೆರಳು ಕಚ್ಚುವ ಮೊದಲು ನಮ್ಮ ಬಾಯಿಯನ್ನು ನೋಡಿಕೊಳ್ಳಬೇಕು. ಬೆಳಿಗ್ಗೆ ಬಾವುಟ ಹಿಡಿದು ಏಕತೆಯ ಘೋಷಣೆ ಕೂಗಿದವನು ರಾತ್ರಿ ಮಲಗುವ ಮಾಳಿಗೆಯಲ್ಲಿ ಪಕ್ಕದ ಚಾಪೆಯವನ ಜಾತಿ ಎತ್ತಿ ಬೈಯುವುದನ್ನು ನಾನು ಈ ಕಿವಿಯಲ್ಲಿ ಕೇಳಿದ್ದೇನೆ. ಅಂಥವನ ಘೋಷಣೆಗೆ ಬೆಲೆಯೆಷ್ಟು?

ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳದೆ ಬಿಟ್ಟರೆ ನಾನು ಸಂಘದವನೇ ಅಲ್ಲ. ಕಾರ್ಯಕ್ರಮ ನಿಂತಿತು ಸರಿ. ದೀಪ ಹಿಡಿಯುವವನು, ಮರಗೆಲಸದವನು, ಬಟ್ಟೆ ಹೊಲಿಯುವವಳು, ಅಲ್ಲಿ ಊಟ ಬಡಿಸುವವನು, ಇವರೇನು ತಪ್ಪು ಮಾಡಿದ್ದರು? ಒಬ್ಬರ ನಾಲಿಗೆಗೆ ಇನ್ನೂರು ಮಂದಿಯ ಅನ್ನ ಹೋಗಬೇಕೇ? ಈ ಮಾತು ಅಲ್ಲಿಯೂ ಎದ್ದಿತು. ಜೂನ್ ತಿಂಗಳಲ್ಲಿ ಒಂದು ಏರ್ಪಾಡಾಯಿತು. ಬಾರ್ ಅವರಿಗೆ ಪಾತ್ರವೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಉಳಿದವರೆಲ್ಲ ಸೇರಿ ಅದೇ ಮನೆಯ ಕಥೆಯನ್ನು ‘ದಿ ಕಾನರ್ಸ್’ ಎಂಬ ಬೇರೆ ಹೆಸರಿನಲ್ಲಿ ಮುಂದುವರಿಸುವುದು. 2018ರ ಅಕ್ಟೋಬರಿನಲ್ಲಿ ಶುರುವಾದ ಅದು 2025ರವರೆಗೆ ನಡೆಯಿತು. ಅನ್ನ ಉಳಿಯಿತು, ಮಾನವೂ ಉಳಿಯಿತು. ತಪ್ಪು ಮಾಡಿದವರಿಗೆ ಶಿಕ್ಷೆ, ದುಡಿಯುವವರಿಗೆ ರಕ್ಷೆ: ನಮ್ಮ ತಕರಾರುಗಳಲ್ಲಿಯೂ ನಾವು ಕೇಳಬೇಕಾದ ತೀರ್ಪು ಇಂಥದೇ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆಯ ಭಾಷಣವಾಗುತ್ತದೆ. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ.

2018ರ ನವೆಂಬರಿನಲ್ಲಿ ಡಂಜಿಯವರು ಎ.ಬಿ.ಸಿ. ಬಿಟ್ಟರು. ನೆಟ್‌ಫ್ಲಿಕ್ಸ್ ಕಂಪೆನಿಯಲ್ಲಿ ಸುಮಾರು ಎರಡು ವರ್ಷ ಇದ್ದು, 2021ರಲ್ಲಿ ವಾರ್ನರ್ ಬ್ರದರ್ಸಿನ ಟೆಲಿವಿಜನ್ ಸಮೂಹಕ್ಕೆ ಅಧ್ಯಕ್ಷೆಯಾದರು. ಕಿರಿಯ ಅಧಿಕಾರಿಯಾಗಿ ದುಡಿದ ಮನೆಗೆ ಹಿರಿಯಳಾಗಿ ಮರಳಿದರು. ಆ ಸಂಸ್ಥೆ ಇನ್ನೊಂದರೊಡನೆ ಕೂಡಿ ತಯಾರಿಸಿದ ‘ಅಬಟ್ ಎಲಿಮೆಂಟರಿ’ ಎಂಬ ಧಾರಾವಾಹಿ ಅದೇ ವರ್ಷದ ಡಿಸೆಂಬರಿನಲ್ಲಿ ಎ.ಬಿ.ಸಿ.ಯಲ್ಲಿ ಬಂತು. ಫಿಲಡೆಲ್ಫಿಯಾ ನಗರದ ಬಡ ಸರಕಾರಿ ಶಾಲೆಯೊಂದರ ಮಾಸ್ತರರ ಕಥೆ ಅದು. ಬರೆದ ಕ್ವಿಂಟಾ ಬ್ರನ್ಸನ್ ಶಾಲಾಮಾಸ್ತರಿಣಿಯ ಮಗಳು, ಕಪ್ಪು ಹೆಂಗಸು. 2022ರಲ್ಲಿ ಬರವಣಿಗೆಗೆ ಎಮ್ಮಿ ಬಹುಮಾನ ಪಡೆದರು. ಇಷ್ಟು ಒಂದು ಮಗ್ಗುಲು.

ಇನ್ನೊಂದು ಮಗ್ಗುಲು: 2022ರ ಏಪ್ರಿಲಿನಲ್ಲಿ ವಾರ್ನರ್ ಕಂಪೆನಿ ಡಿಸ್ಕವರಿ ಎಂಬ ಇನ್ನೊಂದು ಕಂಪೆನಿಯೊಡನೆ ಕೂಡಿಕೊಂಡಿತು. ತಲೆಯ ಮೇಲೆ ಭಾರಿ ಸಾಲ. ಖರ್ಚು ಇಳಿಸಿರಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಅಕ್ಟೋಬರಿನಲ್ಲಿ ಡಂಜಿಯವರು ಅಧ್ಯಕ್ಷೆಯಾಗಿದ್ದ ಟೆಲಿವಿಜನ್ ಸಮೂಹದಲ್ಲಿ 82 ಮಂದಿಯನ್ನು ಕೆಲಸದಿಂದ ತೆಗೆದರು. ಖಾಲಿಯಿದ್ದ 43 ಜಾಗಗಳನ್ನು ರದ್ದು ಮಾಡಿದರು. ಹೊಸ ಲೇಖಕರಿಗೂ ನಿರ್ದೇಶಕರಿಗೂ ತರಬೇತಿ ಕೊಡುತ್ತಿದ್ದ ಹಳೆಯ ಶಿಬಿರವನ್ನೂ ಮುಚ್ಚುವುದೆಂದು ಹೇಳಿದರು. ಯಾರ ಮಗ್ಗುಲಲ್ಲೂ ದೊಡ್ಡವರಿಲ್ಲದ ಹುಡುಗ ಹುಡುಗಿಯರು ಮೇಲೆ ಹತ್ತುವ ಏಣಿ ಅದು. ನಿರ್ದೇಶಕರ ಸಂಘ ಕೂಡಲೇ ಬಹಿರಂಗವಾಗಿ ಪ್ರತಿಭಟಿಸಿತು. ಪ್ರತಿಭಟನೆಯ ಬೆನ್ನಿಗೇ ಕಂಪೆನಿ ಮಾತು ತಿದ್ದಿಕೊಂಡು, ಶಿಬಿರವನ್ನು ಬೇರೊಂದು ವಿಭಾಗದ ಕೆಳಗೆ ಉಳಿಸುತ್ತೇವೆ ಎಂದಿತು. ನೆನಪಿಡಿ: ಏಣಿ ಉಳಿದದ್ದು ಸಂಘದ ಕೂಗಿನಿಂದ.

ಇದನ್ನು ಓದಿದಾಗ ನನಗೆ ನನ್ನ ಹಳೆಯ ಮೇಸ್ತ್ರಿಯ ನೆನಪಾಯಿತು. ನಾನು ಮೊದಲು ಕೆಲಸಕ್ಕಿದ್ದ ಹೋಟೆಲಿನಲ್ಲಿ ನಮ್ಮೊಡನೆಯೇ ಲೋಟ ತೊಳೆದ ಒಬ್ಬ ಹಿರಿಯನನ್ನು ಯಜಮಾನರು ಸೂಪರ್‌ವೈಸರ್ ಮಾಡಿದರು. ನಮಗೆ ಹಬ್ಬ! ನಿಜವಾಗಿಯೂ ಅವನು ಬಂದ ಮೇಲೆ ಮಧ್ಯಾಹ್ನ ಹತ್ತು ನಿಮಿಷ ಕೂರುವುದಕ್ಕೆ ಸ್ಟೂಲು ಬಂತು. ಹುಡುಗರನ್ನು ಹೊಡೆಯುವುದು ನಿಂತಿತು. ವರ್ಷವೆರಡು ಕಳೆಯಿತು, ವ್ಯಾಪಾರ ಇಳಿಯಿತು. ಒಂದು ರಾತ್ರಿ ಅವನೇ ಬಂದು ನಾಲ್ವರ ಹೆಸರು ಓದಿದ. ಓದುವಾಗ ಅವನ ದನಿ ನಡುಗಿತು. ಆ ನಾಲ್ವರಲ್ಲಿ ನಾನೊಬ್ಬ. ಅವನ ಮೇಲೆ ಆಗ ಬಂದ ಸಿಟ್ಟು ಈಗ ಇಲ್ಲ. ಅವನು ಕೆಟ್ಟವನಲ್ಲ, ಸ್ಟೂಲು ಕೊಟ್ಟದ್ದೂ ಸುಳ್ಳಲ್ಲ. ಆದರೆ ಕುರ್ಚಿ ಅವನದಾಗಿರಲಿಲ್ಲ. ಅವನು ಕುಳಿತಿದ್ದ, ಅಷ್ಟೇ. ಅಂದು ನಮಗೆ ಸಂಘವಿರಲಿಲ್ಲ. ನಾನು ಈ ಕೆಲಸಕ್ಕೆ ಬಿದ್ದದ್ದು ಅಂದಿನಿಂದ.

2023ರಲ್ಲಿ ಇದೇ ಪಾಠವನ್ನು ಹಾಲಿವುಡ್ಡಿನ ಬೀದಿಗಳು ಲೋಕಕ್ಕೆ ಹೇಳಿದವು. ಮೇ 2ರಂದು ಸುಮಾರು 11,500 ಲೇಖಕರು ಮುಷ್ಕರ ಹೂಡಿದರು. ಅದು 148 ದಿನ ನಡೆಯಿತು. ಜುಲೈ 14ರಿಂದ ನಟನಟಿಯರ ಸಂಘವೂ ಕೆಲಸ ನಿಲ್ಲಿಸಿತು; ಅದು 118 ದಿನ. ಇಬ್ಬರೂ ಒಟ್ಟಿಗೆ ಮುಷ್ಕರ ಹೂಡಿದ್ದು 1960ರ ಮೇಲೆ ಅದೇ ಮೊದಲು. ಅವರು ಕೇಳಿದ್ದೇನು? ಮಾಡಿದ ಕಾರ್ಯಕ್ರಮವನ್ನು ಕಂಪೆನಿ ಇಂಟರ್ನೆಟ್ಟಿನಲ್ಲಿ ಮತ್ತೆ ಮತ್ತೆ ತೋರಿಸಿ ದುಡ್ಡು ಮಾಡಿದರೆ ನಮಗೂ ಪಾಲು ಕೊಡಿ. ಹತ್ತು ಮಂದಿ ಬರೆಯುವ ಕಡೆ ಮೂವರನ್ನು ಕೂರಿಸಬೇಡಿ. ಕೃತಕ ಬುದ್ಧಿಯ ಯಂತ್ರವನ್ನು ತಂದು ನಮ್ಮ ಅನ್ನ ಕಸಿಯಬೇಡಿ. ಮಗ್ಗ ಹೆಚ್ಚಿಸಿ ಆಳು ಇಳಿಸುವುದನ್ನು ಕಂಡ ಗಿರಣಿಯ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಷ್ಕರದ ಎದುರುಗಡೆಯ ಕಂಪೆನಿಗಳಲ್ಲಿ ವಾರ್ನರ್ ಕೂಡ ಒಂದು. ಅಂದರೆ, ಕಪ್ಪು ಲೇಖಕಿಗೆ ಬಾಗಿಲು ತೆರೆದ ಅಧಿಕಾರಿಣಿ ಗೇಟಿನ ಒಳಗೆ. ಆ ಬಾಗಿಲಿನಿಂದ ಬಂದ ಲೇಖಕಿ ಫಲಕ ಹಿಡಿದು ಗೇಟಿನ ಹೊರಗೆ. ಕೊನೆಗೆ ಒಪ್ಪಂದವಾಯಿತು. ಕೇಳಿದ್ದರಲ್ಲಿ ಎಲ್ಲವೂ ಅಲ್ಲದಿದ್ದರೂ ಬಹಳಷ್ಟು ಸಿಕ್ಕಿತು. ಅದನ್ನು ಯಾವ ಕುರ್ಚಿಯೂ ತಾನಾಗಿ ಕೊಡಲಿಲ್ಲ. ಬಿಸಿಲಿನಲ್ಲಿ ನಡೆದ ಕಾಲುಗಳು ತಂದವು.

ಹಾಗಾದರೆ ನಮ್ಮಂಥವರಲ್ಲಿ ಒಬ್ಬರು ಮೇಲೆ ಹೋಗುವುದರಿಂದ ಪ್ರಯೋಜನವಿಲ್ಲವೇ? ಇದೆ. ಬ್ಯೂಲಾಳ ಅಡಿಗೆಮನೆಯಿಂದ ಶಾಲಾಮಾಸ್ತರಿಣಿಯ ಕಥೆಯವರೆಗೆ ಅಮೆರಿಕದ ಕಪ್ಪು ಹೆಂಗಸು ತೆರೆಯ ಮೇಲೆ ನಡೆದು ಬಂದ ದಾರಿ ಸಣ್ಣದಲ್ಲ. ಆ ದಾರಿಯಲ್ಲಿ ಹೂಂ ಎಂದವರ ಋಣವಿದೆ. ಅವಮಾನವನ್ನು ಅವಮಾನವೆಂದೇ ಕರೆದ ಒಂದು ಸಹಿಗೆ ಬೆಲೆಯಿದೆ. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಅವರು ಹೋದರು, ಇನ್ನು ನಾವು ಮನೆಗೆ ಹೋಗಿ ಮಲಗಬಹುದು ಎನ್ನುವವನು ಮೂರ್ಖ. ಕುರ್ಚಿಗೆ ನಮ್ಮವರು ಬರಬೇಕು. ಕುರ್ಚಿಯ ಎದುರಿಗೆ ನಮ್ಮ ಸಂಘವೂ ಇರಬೇಕು. ಒಂದು ಇನ್ನೊಂದಕ್ಕೆ ಬದಲಲ್ಲ.

ಬರುವ ವಾರ ಮತ್ತೆ ಆ ಹೋಟೆಲಿಗೆ ಹೋಗುತ್ತೇನೆ. ಹುಡುಗನಿಗೆ ನಾನು ಹೇಳುವ ಉತ್ತರ ಇದು: “ತಮ್ಮಾ, ಮಾಣಿಗೆ ಮನೆಯಿದೆ, ತಾಯಿಯಿದ್ದಾಳೆ ಎಂಬುದು ಬರೆಯುವವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿರುವವನು ನೀನು. ಸಂಜೆ ರಾತ್ರಿಶಾಲೆಗೆ ಹೋಗು, ಓದು, ಬರೆ. ನಾಳೆ ನಿನ್ನ ಕಥೆಗೆ ಹೂಂ ಎನ್ನುವ ಕುರ್ಚಿಯಲ್ಲಿ ನಿನ್ನಂಥವನೇ ಕುಳಿತಿರಲಿ. ಅಲ್ಲಿಯವರೆಗೆ, ಮತ್ತು ಅದಾದ ಮೇಲೆ ಕೂಡ, ವರ್ಗಣಿ ಕೊಡುವುದನ್ನು ಮರೆಯಬೇಡ.”